ವಜ್ರಾಸನ, ಕಪಾಲಭಾತಿ, ಬೆನ್ನುನೋವು: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಸಂಜೆ 5ರಿಂದ 7ರವರೆಗೆ ಫಿಸಿಯೋಥೆರಪಿಸ್ಟ್ ಮೇಡಂ ಉತ್ತರಿಸುತ್ತಾರೆ, ಯೋಗ ಚಿಕಿತ್ಸೆಯನ್ನೂ ಮಾಡಿಸುವವರು. ಹೆಸರು, ಫೋನ್ ನಂಬರ್ ಹಾಕಬೇಡಿ, ಏರಿಯಾ ಸಾಕು. ವಯಸ್ಸು, ತೊಂದರೆ ಯಾವಾಗಿನಿಂದ, ಯಾವ ಮಾತ್ರೆ ಅಂತ ಬರೆಯಿರಿ. ಫಾರ್ವರ್ಡ್ ಹಾಕಬೇಡಿ.

ಜಯನಗರ: ಮೇಡಂ, 52 ವರ್ಷ. ಥೈರಾಯ್ಡ್ ಕಮ್ಮಿ ಇದೆ, ದಿನಾ ಮಾತ್ರೆ. ಸರ್ವಾಂಗಾಸನ (ಭುಜದ ಮೇಲೆ ನಿಂತು ಕಾಲು ಮೇಲೆತ್ತೋದು) ಮಾಡಿದರೆ ಮಾತ್ರೆ ಬಿಡಬಹುದಾ?

ಮೇಡಂ: ಬಿಡೋ ಹಾಗಿಲ್ಲ. ಸರ್ವಾಂಗಾಸನ ಮಾತ್ರೆಯ ಜಾಗ ತುಂಬಲ್ಲ. ಮಾತ್ರೆ ನುಂಗೋ ರೀತಿ ನೋಡಿಕೊಳ್ಳಿ: ಖಾಲಿ ಹೊಟ್ಟೆಗೆ, ಬರೀ ನೀರಲ್ಲಿ. ಆಮೇಲೆ ಅರ್ಧದಿಂದ ಒಂದು ಗಂಟೆ ಬಿಟ್ಟು ಫಿಲ್ಟರ್ ಕಾಫಿ. ಕ್ಯಾಲ್ಸಿಯಂ, ಐರನ್ ಮಾತ್ರೆಗೆ 4 ಗಂಟೆ ಅಂತರ ಕೊಡಿ, ಇಲ್ಲದಿದ್ದರೆ ಔಷಧ ಪೂರ್ತಿ ಮೈಗೆ ಸೇರಲ್ಲ.

ಪೀಣ್ಯ: ಗಾರ್ಮೆಂಟ್ಸಲ್ಲಿ ಕೆಲಸ, 36 ವರ್ಷ, ದಿನಪೂರ್ತಿ ನಿಂತೇ ಇರಬೇಕು. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದ ಹಾಗಾಗುತ್ತೆ. ಏನು ಮಾಡಬೇಕು ಮೇಡಂ?

ಬೆಳ್ಳಂದೂರು: 33 ವರ್ಷ. 9 ಗಂಟೆ ಲ್ಯಾಪ್‌ಟಾಪ್ ಮುಂದೆ, ಕುತ್ತಿಗೆ ನೋವು. ಎದ್ದ ತಕ್ಷಣ 12 ಸೂರ್ಯನಮಸ್ಕಾರ ಹಾಕ್ತೀನಿ, ಈಗ ಸೊಂಟಾನೂ ಹಿಡ್ಕೊಳ್ತಿದೆ.

ಮೇಡಂ: ರಾತ್ರಿ ಮಲಗಿದಾಗ ಬೆನ್ನಿನ ಡಿಸ್ಕ್‌ಗಳು, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆಗಳು, ನೀರು ಹೀರಿ ಉಬ್ಬಿರುತ್ತವೆ. ಎದ್ದ ಮೊದಲ ಗಂಟೆಯಲ್ಲಿ ಪೂರ್ತಿ ಬಗ್ಗಿದರೆ ಅವುಗಳ ಮೇಲೆ ಒತ್ತಡ ಹೆಚ್ಚು. ಸೂರ್ಯನಮಸ್ಕಾರ ಸಂಜೆಗೆ ಹಾಕಿ. ಬೆಳಿಗ್ಗೆಯೇ ಆಗಬೇಕು ಅಂದರೆ ಮೊದಲು 20-30 ನಿಮಿಷ ನಡೆಯಿರಿ, ಪಾದಹಸ್ತಾಸನದಲ್ಲಿ (ನಿಂತು ಮುಂದೆ ಬಗ್ಗೋದು) ಮಂಡಿ ಸ್ವಲ್ಪ ಮಡಚಿ, ಕೈಯನ್ನು ನೆಲದ ಬದಲು ಕುರ್ಚಿಯ ಮೇಲಿಡಿ. ಲ್ಯಾಪ್‌ಟಾಪ್ ಪುಸ್ತಕದ ಮೇಲಿಟ್ಟು ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ತನ್ನಿ, ಕೀಬೋರ್ಡ್ ಬೇರೆ ಇರಲಿ. ಅರ್ಧ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಓಡಾಡಿ.

ಬಸವನಗುಡಿ: ಕುರ್ಚಿ ಇಟ್ಕೊಂಡು ಮಾಡೋದು ಯೋಗಾನೇ ಅಲ್ಲ. ಕಾರ್ಪೊರೇಟ್‌ನವರಿಗೆ ಮಾಡಿದ ವೇಷ ಅದು.

ಮಲ್ಲೇಶ್ವರ: ಕೋಲಾರ ಜಿಲ್ಲೆ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಬೆಲ್ಟು, ಮರದ ಇಟ್ಟಿಗೆ, ಕುರ್ಚಿ ಎಲ್ಲಾ ಬಳಸಿಯೇ ಪಾಠ ಮಾಡಿದವರು ಸರ್. ಅವರದ್ದೂ ವೇಷಾನಾ?

ಹೆಬ್ಬಾಳ: ಮೇಡಂ, 41 ವರ್ಷ, ಶುಗರ್ ಇದೆ, ಮೆಟ್‌ಫಾರ್ಮಿನ್ ತಗೋತೀನಿ. ಐದು ತಿಂಗಳಲ್ಲಿ 15 ಕೆಜಿ ಇಳಿಸಿದ್ದೀನಿ. ಜೀರ್ಣಕ್ಕೆ ಒಳ್ಳೇದು ಅಂತ ಮೂರು ಹೊತ್ತೂ ಊಟ ಆದಮೇಲೆ ಅರ್ಧ ಗಂಟೆ ವಜ್ರಾಸನ, ಮಂಡಿ ಮಡಚಿ ಹಿಮ್ಮಡಿ ಮೇಲೆ ಕೂರ್ತೀನಿ. ನಾಲ್ಕು ದಿನದಿಂದ ಬಲಗಾಲಿನ ಹೆಬ್ಬೆರಳು ಮೆಟ್ಟಿಲಿಗೆ ತಗಲ್ತಿದೆ, ಚಪ್ಪಲಿ ಕಳಚಿಕೊಳ್ಳುತ್ತೆ. ನೋವಿಲ್ಲ. ಪಕ್ಕದ ಮನೆಯವರು ಸಯಾಟಿಕಾ (ಸೊಂಟದಲ್ಲಿ ನರ ಒತ್ತಿ ಕಾಲಿಗೆ ಬರೋ ತೊಂದರೆ) ಅಂತಾರೆ, ಕಾಲು ನೀವಿ ಮಸಾಜ್ ಮಾಡೋರ ಹತ್ತಿರ ಕರ್ಕೊಂಡು ಹೋಗ್ತೀನಿ ಅಂತಿದ್ದಾರೆ. ಹೋಗ್ಲಾ?

ಮೇಡಂ: ಹೋಗಬೇಡಿ. ವಜ್ರಾಸನ ಇವತ್ತೇ ನಿಲ್ಲಿಸಿ. ಚಕ್ಕಳಮಕ್ಕಳ ಹಾಕೋದು, ಕಾಲ ಮೇಲೆ ಕಾಲು ಹಾಕೋದು, ಕುಕ್ಕರುಗಾಲಲ್ಲಿ ಕೂರೋದು ಯಾವುದೂ ಬೇಡ. ಈಗ ಗೋಡೆ ಹಿಡಿದುಕೊಂಡು ಮೂರು ಪರೀಕ್ಷೆ ಮಾಡಿ ಬರೆಯಿರಿ. ಒಂದು, ಪಾದ ಮೇಲೆತ್ತಿ ಬರೀ ಹಿಮ್ಮಡಿ ಮೇಲೆ ನಿಲ್ಲಕ್ಕಾಗುತ್ತಾ? ಎರಡು, ಬಲಗಾಲೊಂದರಲ್ಲೇ ತುದಿಗಾಲಲ್ಲಿ ನಿಲ್ಲಕ್ಕಾಗುತ್ತಾ? ಮೂರು, ಕೂತು, ಮನೆಯವರು ಕೈಯಿಂದ ತಡೆದಾಗಲೂ ಅಂಗಾಲನ್ನು ಒಳಮುಖ ತಿರುಗಿಸೋಕೆ ಬಲ ಇದೆಯಾ? ಪಾದದ ಮೇಲ್ಭಾಗದಲ್ಲಿ ಜೋಮು ಇದೆಯಾ, ಸೊಂಟ ನೋವು ಇದೆಯಾ ಅನ್ನೋದನ್ನೂ ತಿಳಿಸಿ. ತೊಡೆಸಂದು ಮರಗಟ್ಟಿದ್ದರೆ, ಮೂತ್ರ ಕಟ್ಟಿದ್ದರೆ ಅಥವಾ ತಾನಾಗೇ ಹೋಗ್ತಿದ್ದರೆ, ಕೈ, ಮಾತು, ಮುಖದಲ್ಲಿ ವ್ಯತ್ಯಾಸ ಇದ್ದರೆ ಪರೀಕ್ಷೆ ಮಾಡ್ತಾ ಕೂರಬೇಡಿ, ಈಗಲೇ ಎಮರ್ಜೆನ್ಸಿಗೆ ಹೋಗಿ.

ಬಸವನಗುಡಿ: ಊಟ ಆದಮೇಲೂ ಮಾಡಬಹುದಾದ ಆಸನ ವಜ್ರಾಸನ. ಅದಕ್ಕೂ ಹೆದರಿಸಿದರೆ ಹೇಗೆ?

ಮೇಡಂ: 5 ನಿಮಿಷಕ್ಕೆ ಯಾರೂ ಹೆದರಬೇಕಿಲ್ಲ. ಅರ್ಧ ಗಂಟೆ, ದಿನಕ್ಕೆ ಮೂರು ಸಲ, ಕಾಲು ಜೋಮು ಹಿಡಿದರೂ ಹಠ ಹಿಡಿದು ಕೂರೋದು ಬೇರೆ ವಿಷಯ. ಜೋಮು ಬಂದರೆ ಏಳಬೇಕು.

ವಿಜಯನಗರ: ನಮ್ಮ ತಂದೆಗೆ 63, ಬಿಪಿ 160/100. ಟಿವಿ ನೋಡಿ 15 ನಿಮಿಷ ಜೋರಾಗಿ ಕಪಾಲಭಾತಿ (ಹೊಟ್ಟೆ ಒಳಗೆಳೆದು ರಭಸವಾಗಿ ಉಸಿರು ಬಿಡೋದು) ಮಾಡ್ತಾರೆ. ತಲೆ ತಿರುಗುತ್ತೆ, ಬೆರಳು ಜುಮ್ಮೆನ್ನುತ್ತೆ. ವಿಷ ಹೊರಗೆ ಹೋಗ್ತಿದೆ ಅಂತಾರೆ.

ಮೇಡಂ: ವಿಷ ಅಲ್ಲ. ಅತಿಯಾಗಿ ಉಸಿರಾಡಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತೆ, ಮೆದುಳಿನ ರಕ್ತನಾಳ ಕುಗ್ಗುತ್ತವೆ. ತಲೆ ಸುತ್ತೋದು, ಜುಮ್ಮೆನ್ನೋದು ಅದಕ್ಕೇ. ಈ ಬಿಪಿಯಲ್ಲಿ ಕಪಾಲಭಾತಿ, ಭಸ್ತ್ರಿಕಾ (ರಭಸವಾಗಿ ಉಸಿರು ಎಳೆದು ಬಿಡೋದು), ಉಸಿರು ಬಿಗಿಹಿಡಿಯೋದು ಬೇಡ. 4 ಎಣಿಸುವಷ್ಟು ಒಳಗೆ, 6 ಎಣಿಸುವಷ್ಟು ಹೊರಗೆ, 10 ನಿಮಿಷ, ಕುರ್ಚಿಯಲ್ಲಿ ಕೂತು. ಮಾತ್ರೆ ನಿಲ್ಲಿಸಬಾರದು. ಈ ವಾರವೇ ಡಾಕ್ಟರಿಗೆ ರೀಡಿಂಗ್ ತೋರಿಸಿ. ಹರ್ನಿಯಾ ಇದ್ದವರು, ಗರ್ಭಿಣಿಯರು, ಹೊಟ್ಟೆ ಆಪರೇಷನ್ ಆಗಿ ಹೆಚ್ಚು ದಿನ ಆಗದವರೂ ಕಪಾಲಭಾತಿ ಮಾಡಬಾರದು.

ಬನಶಂಕರಿ: ಗ್ಲಾಕೋಮಾ (ಕಣ್ಣಿನ ನರದ ಕಾಯಿಲೆ) ಇದೆ, ಡ್ರಾಪ್ಸ್ ಹಾಕ್ತೀನಿ. ಶೀರ್ಷಾಸನ?

ಮೇಡಂ: ಬೇಡ. ತಲೆಕೆಳಗಾದಾಗ ಕಣ್ಣಿನ ಒತ್ತಡ ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತೆ. ಸರ್ವಾಂಗಾಸನ, ಅಧೋಮುಖ ಶ್ವಾನಾಸನವೂ ಬೇಡ.

ಕೆಂಗೇರಿ: ಮಗಳಿಗೆ 13 ವರ್ಷ, ತಾಡಾಸನ ಮಾಡಿದರೆ ಎತ್ತರ ಬೆಳೀತಾಳಾ?

ಆರ್.ಆರ್. ನಗರ: ಸೈನಸ್ ಇರುವವರು ಗಮನಿಸಿ!! ನಲ್ಲಿ ನೀರು ನೇರವಾಗಿ ನೇತಿ (ಮೂಗು ತೊಳೆಯೋ) ಪಾತ್ರೆಗೆ ಹಿಡಿದು, ಮೂಗಿಗೆ ಬಿಟ್ಟುಕೊಂಡರೆ 3 ದಿನದಲ್ಲಿ ಸೈನಸ್ ಮಾಯ. ಎಲ್ಲರಿಗೂ ತಲುಪಿಸಿ 🙏

ಮೇಡಂ: ದಯವಿಟ್ಟು ಇದನ್ನು ಅಳಿಸಿ. ನಲ್ಲಿ ನೀರೋ ಬೋರ್ ನೀರೋ, ಕುದಿಸದೆ ಮೂಗಿಗೆ ಬಿಡಬಾರದು. ನೆಗ್ಲೇರಿಯಾ ಅನ್ನೋ ಅಮೀಬಾ ಮೂಗಿನಿಂದ ಮೆದುಳಿಗೆ ಹೋದರೆ ಬದುಕೋದು ಬಹಳ ಅಪರೂಪ. ಕುಡಿದರೆ ಬರದ ಕಾಯಿಲೆ, ಮೂಗಿನಿಂದ ಬರುತ್ತೆ. ನೇತಿ ಮಾಡೋದಾದರೆ ನೀರು ಕೊತಕೊತ ಕುದಿಯೋಕೆ ಶುರುವಾದ ಮೇಲೆ ಒಂದು ನಿಮಿಷ ಹಾಗೇ ಕುದಿಯಲಿ, ಮುಚ್ಚಿಟ್ಟು ಉಗುರುಬೆಚ್ಚಗಾಗಲಿ. ಅರ್ಧ ಲೀಟರಿಗೆ ನಾಲ್ಕೂವರೆ ಗ್ರಾಂ ಉಪ್ಪು, ಅಂದರೆ ಮಟ್ಟಸವಾಗಿ ಮುಕ್ಕಾಲು ಟೀ ಚಮಚ. ಉಪ್ಪು ಕಮ್ಮಿಯಾದರೂ ಹೆಚ್ಚಾದರೂ ಮೂಗು ಉರಿಯುತ್ತೆ. ಮುಗಿದ ಮೇಲೆ ಬಗ್ಗಿ, ಎರಡೂ ಹೊಳ್ಳೆ ತೆರೆದಿಟ್ಟು ಮೆಲ್ಲಗೆ ಮೂಗಿನಿಂದ ಉಸಿರು ಊದಿ ಒಣಗಿಸಿ. ಹೊಳ್ಳೆ ಮುಚ್ಚಿ ಜೋರಾಗಿ ಊದಿದರೆ ನೀರು ಕಿವಿಯ ಕಡೆ ಹೋಗುತ್ತೆ. ಪಾತ್ರೆಯನ್ನೂ ಪ್ರತಿಸಲ ತೊಳೆದು ಒಣಗಿಸಿ.

ಆರ್.ಆರ್. ನಗರ: ನಾನು ಬರೆದಿದ್ದಲ್ಲ ಮೇಡಂ, ಬಂದಿದ್ದು ಹಾಕಿದೆ. ಒಳ್ಳೇದಾಗಲಿ ಅಂತ.

ಮಲ್ಲೇಶ್ವರ: ಬಂದಿದ್ದೆಲ್ಲಾ ಹಾಕೋಕೆ ಇದೇನು ತಿಪ್ಪೇನಾ? ಅಡ್ಮಿನ್ ಮೊದಲೇ ಬೇಡ ಅಂದಿದ್ದಾರೆ.

ಆರ್.ಆರ್. ನಗರ: ಮಾತು ನೆಟ್ಟಗಿರಲಿ ಸ್ವಾಮಿ.

ಯಲಹಂಕ: ಮೇಡಂ, ಬಿಪಿ ಇರೋರು ಕಪಾಲಭಾತಿ ಮಾಡಬಹುದಾ?

ಮೇಡಂ: ಮೇಲೆ ಓದಿ.

ಪೀಣ್ಯ: ಮೇಡಂ, ಹಿಮ್ಮಡಿ ನೋವಿಗೆ ಉತ್ತರ ಬರಲಿಲ್ಲ.

ಹೆಬ್ಬಾಳ: ಮಾಡಿ ನೋಡಿದೆ. ಬಲ ಹಿಮ್ಮಡಿ ಮೇಲೆ ನಿಲ್ಲಕ್ಕಾಗಲ್ಲ, ಪಾದ ಪಟ್ ಅಂತ ಬೀಳುತ್ತೆ. ತುದಿಗಾಲಲ್ಲಿ ನಿಲ್ತೀನಿ. ಒಳಮುಖ ತಿರುಗಿಸೋ ಬಲ ಎರಡೂ ಕಾಲಲ್ಲಿ ಒಂದೇ ಥರ. ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಸಂದಿಯಲ್ಲಿ ಜೋಮು. ಸೊಂಟ ನೋವಿಲ್ಲ, ಮೂತ್ರಕ್ಕೆ ತೊಂದರೆ ಇಲ್ಲ.

ಮೇಡಂ: ಇಷ್ಟು ಸರಿಯಾಗಿ ಬರೆದಿದ್ದು ಒಳ್ಳೇದಾಯಿತು. ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ ಬೆರಳಿಗೆ ಸಿಗೋ ಮೂಳೆಯ ಗಂಟು ಇದೆಯಲ್ಲ, ಅದರ ಕೆಳಗೆ ಚರ್ಮದ ಅಡಿಯಲ್ಲೇ ಪೆರೋನಿಯಲ್ ನರ ಸುತ್ತಿ ಹೋಗುತ್ತೆ. ಪಾದ ಮೇಲೆತ್ತೋದು ಅದೇ. ಮಂಡಿ ಪೂರ್ತಿ ಮಡಚಿ ಬಹಳ ಹೊತ್ತು ಕೂತರೆ ಅದು ಅದುಮಿಕೊಳ್ಳುತ್ತೆ. ತೂಕ ಬೇಗ ಇಳಿದಾಗ ಅಲ್ಲಿನ ಕೊಬ್ಬಿನ ಮೆತ್ತೆಯೂ ಕರಗಿರುತ್ತೆ. ಶುಗರ್ ಇದ್ದವರ ನರ ಒತ್ತಡವನ್ನು ಕಮ್ಮಿ ತಾಳುತ್ತೆ. ನಿಮಗೆ ಮೂರೂ ಒಟ್ಟಿಗೆ ಸೇರಿವೆ.

ಒಳಮುಖ ತಿರುಗಿಸೋದನ್ನು ಕೇಳಿದ್ದು ಯಾಕೆಂದರೆ, ಆ ಸ್ನಾಯುವಿಗೆ ಬರೋದು ಬೇರೆ ನರ, ಆದರೆ ಎರಡೂ ನರಕ್ಕೆ ಸೊಂಟದಲ್ಲಿ ಬೇರು ಒಂದೇ, ಎಲ್5 (ಸೊಂಟದ ಬೆನ್ನುಮೂಳೆಯ ಐದನೇ ನರಬೇರು). ಡಿಸ್ಕ್ ಒತ್ತಿದ್ದರೆ ಸಾಮಾನ್ಯವಾಗಿ ಅದೂ ಸೋಲುತ್ತೆ. ನಿಮ್ಮದು ಸೋತಿಲ್ಲ, ಹಾಗಾಗಿ ಮಂಡಿಯ ಹತ್ತಿರದ ತೊಂದರೆ ಅಂತ ನನ್ನ ಅನುಮಾನ. ಅನುಮಾನ ಮಾತ್ರ, ಖಚಿತ ಮಾಡೋದು ಡಾಕ್ಟರು. ನಾಳೆಯೇ ನರರೋಗ ತಜ್ಞರನ್ನು ನೋಡಿ. ಎನ್‌ಸಿವಿ (ನರದ ವೇಗ ನೋಡೋ) ಪರೀಕ್ಷೆ, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್), ವಿಟಮಿನ್ ಬಿ12 ಬಗ್ಗೆ ಕೇಳಿ. ಮೆಟ್‌ಫಾರ್ಮಿನ್ ಬಹಳ ಕಾಲ ತಗೊಂಡರೆ ಬಿ12 ಇಳಿಯಬಹುದು. ಅವರು ಹೇಳದೆ ಮಾತ್ರೆ ಬಿಡಬೇಡಿ.

ಬೈಕಿನ ಹಿಂದಿನ ಬ್ರೇಕೂ ಬಲಗಾಲಲ್ಲೇ, ಕಾರಿನ ಬ್ರೇಕೂ ಬಲಗಾಲಲ್ಲೇ. ಡಾಕ್ಟರು ಹೇಳೋವರೆಗೂ ಗಾಡಿ ಓಡಿಸಬೇಡಿ. ಮಂಡಿಯ ಹತ್ತಿರ ಬಿಗಿ ಪಟ್ಟಿ, ನೀಕ್ಯಾಪ್ ಹಾಕಬೇಡಿ. ಪಾದ ಜೋತುಬೀಳದ ಹಾಗೆ ಸ್ಪ್ಲಿಂಟ್ ಸಿಗುತ್ತೆ, ಅಲ್ಲಿಯವರೆಗೆ ಹಿಂದೆ ಪಟ್ಟಿ ಇರೋ ಚಪ್ಪಲಿ ಹಾಕಿ. ನರದ ಹೊರಪದರಕ್ಕೆ ಮಾತ್ರ ಪೆಟ್ಟಾಗಿದ್ದರೆ ವಾರಗಳಲ್ಲಿ ಬಲ ಬರುತ್ತೆ. ಒಳಗಿನ ಎಳೆಗೆ ಆಗಿದ್ದರೆ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆದು ಬರಬೇಕು, ತಿಂಗಳುಗಳೇ ಬೇಕು. ಆ ಗಂಟಿನ ಮೇಲೆ ನೀವಿಸಿದರೆ ಇನ್ನೂ ಕೆಡುತ್ತೆ.

ಬಸವನಗುಡಿ: ಶುಗರ್‌ನಿಂದ ಆಗಿದ್ದನ್ನು ಯೋಗದ ತಲೆಗೆ ಕಟ್ತಿದ್ದೀರಿ.

ಮೇಡಂ: ಮೂರು ಕಾರಣ ಬರೆದಿದ್ದೇನೆ ಸರ್. ಈ ವಾದಕ್ಕೆ ನನ್ನಲ್ಲಿ ಸಮಯವಿಲ್ಲ.

ಯಲಹಂಕ: ಮೇಲೆ ಓದಿ ಅಂದರೆ? ಕೇಳಿದ್ದಕ್ಕೆ ನೆಟ್ಟಗೆ ಹೇಳೋಕೆ ಏನು ಕಷ್ಟ?

ವಿಜಯನಗರ: ನನ್ನ ಪ್ರಶ್ನೆಗೇ ಅವರು ಪೂರ್ತಿ ಬರೆದಿದ್ದಾರೆ ರೀ. ಸ್ವಲ್ಪ ಬೆರಳು ಆಡಿಸಿ.

ಪೀಣ್ಯ: ಮೇಡಂ, ಮೂರನೇ ಸಲ ಕೇಳ್ತಿದ್ದೀನಿ.

ಮೇಡಂ: ಪೀಣ್ಯದವರೇ, ಅಂಗಾಲಿನ ಪಟ್ಟಿ ಬಿಗಿದಿರೋ ಹಾಗಿದೆ. ಹಾಸಿಗೆಯಿಂದ ಇಳಿಯೋ ಮೊದಲೇ ನೋವಿರೋ ಕಾಲನ್ನು ಇನ್ನೊಂದರ ಮೇಲಿಟ್ಟು, ಕೈಯಿಂದ ಬೆರಳುಗಳನ್ನು ಮೊಣಕಾಲಿನ ಕಡೆ ಎಳೆಯಿರಿ. ಅಂಗಾಲಲ್ಲಿ ಹಗ್ಗದ ಥರ ಬಿಗಿತ ಸಿಗಬೇಕು. 10 ಸೆಕೆಂಡ್, 10 ಸಲ, ದಿನಕ್ಕೆ ಮೂರು ಹೊತ್ತು. ಗೋಡೆಗೆ ಕೈ ಕೊಟ್ಟು ಮೀನಖಂಡ ಎಳೆಯೋದು 30 ಸೆಕೆಂಡ್, ಮೂರು ಸಲ. ಮನೆಯಲ್ಲೂ ಬರಿಗಾಲು ಬೇಡ, ಹಿಮ್ಮಡಿ ಮೆತ್ತಗಿರೋ ಚಪ್ಪಲಿ ಹಾಕಿ. ಎರಡು ಮೂರು ತಿಂಗಳು ಬಿಡದೆ ಮಾಡಿ. ಎರಡೂ ಹಿಮ್ಮಡಿ ನೋಯ್ತಿದ್ದು, ಬೆಳಿಗ್ಗೆ ಸೊಂಟವೂ ಅರ್ಧ ಗಂಟೆಗಿಂತ ಹೆಚ್ಚು ಬಿಗಿದಿದ್ದರೆ ಡಾಕ್ಟರಿಗೆ ಹೇಳಿ.

ಪೀಣ್ಯ: ಸರಿ ಮೇಡಂ. ಒಂದೇ ಹಿಮ್ಮಡಿ.

ಬಸವನಗುಡಿ: ಅಡ್ಮಿನ್ ನನ್ನ ಕಾಮೆಂಟ್ ಯಾಕೆ ಅಳಿಸಿದ್ರಿ?

ಅಡ್ಮಿನ್: 7:20 ಆಯಿತು, ಕಾಮೆಂಟ್ ಮುಚ್ಚುತ್ತಿದ್ದೇನೆ. ನಲ್ಲಿ ನೀರಿನ ಫಾರ್ವರ್ಡನ್ನೂ ಅಳಿಸುತ್ತಿದ್ದೇನೆ. ಕೆಂಗೇರಿಯವರ ಪ್ರಶ್ನೆ ಮುಂದಿನ ಭಾನುವಾರಕ್ಕೆ.