ಕುದುರೆ ಇರುವ ಪ್ರಾಚೀನ ನಾಣ್ಯಗಳು: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ:
ನಾಣ್ಯ ಕೂಡಿಸುವುದು ನನಗೆ ಹೊಸದು, ಆದರೆ ಕುದುರೆ ಹುಚ್ಚು ಹಳೆಯದು. ಕುದುರೆ ಇರುವ ಪ್ರಾಚೀನ ನಾಣ್ಯಗಳನ್ನು ಮಾತ್ರ ಕೂಡಿಸೋಣ ಅಂದುಕೊಂಡಿದ್ದೇನೆ. ಹರಾಜಿನ ಪಟ್ಟಿ ತೆಗೆದರೆ ಗ್ರೀಕ್, ರೋಮನ್, ಕಾರ್ತೇಜ್, ಗುಪ್ತ, ಎಲ್ಲೆಲ್ಲೂ ಕುದುರೆಯೇ! ತಲೆ ಗಿರ್ ಅನ್ನುತ್ತಿದೆ. ಕೈಯಲ್ಲಿ ದುಡ್ಡು ಜಾಸ್ತಿ ಇಲ್ಲ. ಯಾವುದರಿಂದ ಶುರು ಮಾಡಲಿ? ನಕಲಿ ಕೈಗೆ ಬರದಂತೆ ಏನು ನೋಡಬೇಕು? ಅನುಭವ ಇದ್ದವರು ದಯವಿಟ್ಟು ಹೇಳಿ.

ರೋಮನ್ ನಾಣ್ಯ ಕೂಡಿಸುವವರು:
ದುಡ್ಡು ಜಾಸ್ತಿ ಇಲ್ಲ ಅಂದಿರಲ್ಲ, ಹಾಗಾದರೆ ರೋಮನ್ ಚಕ್ರವರ್ತಿ ಎರಡನೇ ಕಾನ್‌ಸ್ಟಾಂಟಿಯಸ್ ಕಾಲದ ಕಂಚಿನ ನಾಣ್ಯದಿಂದ ಶುರು ಮಾಡಿ. ಕ್ರಿ.ಶ. 348ರಿಂದ ರಾಶಿ ರಾಶಿಯಾಗಿ ಹೊಡೆದದ್ದು ಇದು. ಒಬ್ಬ ರೋಮನ್ ಸೈನಿಕ, ಅವನ ಈಟಿಗೆ ಸಿಕ್ಕ ಕುದುರೆ ಸವಾರ, ಕೆಳಗೆ ಮುಗ್ಗರಿಸಿದ ಕುದುರೆ. ಸುತ್ತ ‘ಫೆಲ್ ಟೆಂಪ್ ರೆಪರಾಶಿಯೋ’ ಎಂಬ ಬರಹ. ಸುಖದ ಕಾಲ ಮರಳಿ ಬಂತು ಎಂದು ಸಾರುವ ಘೋಷಣೆ ಅದು. ಪಾಪ, ಆ ಕುದುರೆಯ ಪಾಲಿಗೆ ಮಾತ್ರ ಬಂದ ಹಾಗೆ ಕಾಣುವುದಿಲ್ಲ!

ಅಗ್ಗ ಅಂತ ಇದನ್ನು ಕಡೆಗಣಿಸಬೇಡಿ. ಒಂದರಲ್ಲಿ ಸವಾರ ಕೈ ಮೇಲೆತ್ತಿರುತ್ತಾನೆ, ಇನ್ನೊಂದರಲ್ಲಿ ಕುದುರೆಯ ಕುತ್ತಿಗೆ ತಬ್ಬಿಕೊಂಡಿರುತ್ತಾನೆ, ಮತ್ತೊಂದರಲ್ಲಿ ನೆಲದ ಮೇಲೆ ಕೂತೇಬಿಟ್ಟಿರುತ್ತಾನೆ. ಟೋಪಿ, ಗಡ್ಡ ಕೂಡ ಬೇರೆ ಬೇರೆ. ಚಿತ್ರದ ಅಡಿಯಲ್ಲಿ ಟಂಕಸಾಲೆಯ ಗುರುತಿರುತ್ತದೆ. ಆಂಟಿಯೋಕ್, ಅಲೆಕ್ಸಾಂಡ್ರಿಯ, ಕಾನ್‌ಸ್ಟಾಂಟಿನೋಪಲ್, ಅಕ್ವಿಲೇಯಾ ಹೀಗೆ ಒಂದೊಂದು ಊರಿನದು ಒಂದೊಂದು ಕೂಡಿಸಿದರೂ ಚಂದದ ಸಂಗ್ರಹವಾಗುತ್ತದೆ.

ಆಮೇಲೆ ಸ್ವಲ್ಪ ದುಡ್ಡು ಕೂಡಿದಾಗ ಬೆಳ್ಳಿಗೆ ಬನ್ನಿ. ಕ್ರಿ.ಪೂ. 90ರಲ್ಲಿ ಪಿಸೊ ಫ್ರುಗಿ ಎಂಬ ಟಂಕಸಾಲೆಯ ಅಧಿಕಾರಿ ಹೊರಡಿಸಿದ ಡಿನೇರಿಯಸ್ (ರೋಮನ್ನರ ಬೆಳ್ಳಿ ನಾಣ್ಯ) ನನ್ನ ಮೆಚ್ಚಿನದು. ಒಂದು ಬದಿ ಅಪೊಲೊ ದೇವರು, ಇನ್ನೊಂದು ಬದಿ ನಾಗಾಲೋಟದಲ್ಲಿ ಓಡುವ ಕುದುರೆ, ಮೇಲೆ ತಾಳೆಗರಿ ಹಿಡಿದ ಸವಾರ. ಅಪೊಲೊ ಹೆಸರಿನ ಪಂದ್ಯಗಳ ನೆನಪಿಗೆ ಈ ಚಿತ್ರ. ಅಚ್ಚುಗಳ ಮೇಲೆ ಅಕ್ಷರ, ಅಂಕಿ, ಪುಟ್ಟ ಗುರುತುಗಳು ಎಷ್ಟೊಂದು ಇವೆ ಎಂದರೆ ಇದೊಂದರ ಹಿಂದೆಯೇ ಬಿದ್ದವರಿದ್ದಾರೆ.

ಗ್ರೀಕ್ ನಾಣ್ಯಗಳ ಕಡೆಯವರು:
ಮೇಲಿನವರು ಹೇಳಿದ್ದು ಸರಿ, ಆದರೆ ಕುದುರೆಗಾಗಿ ಕೂಡಿಸುವವರು ಮುಗ್ಗರಿಸಿದ ಕುದುರೆಯಲ್ಲೇ ನಿಂತುಬಿಟ್ಟರೆ ಹೇಗೆ? ಕುದುರೆಯ ಮೈಕಟ್ಟನ್ನು ನೋಡಿ ಅರಿತವರು ಗ್ರೀಕರು. ಥೆಸ್ಸಲಿಯ ಲಾರಿಸ್ಸ ಎಂಬ ಊರಿನ ಬೆಳ್ಳಿ ಡ್ರಾಕ್ಮಾ ಹುಡುಕಿ. ಮುಂಬದಿಯಲ್ಲಿ ನಮ್ಮನ್ನೇ ನೋಡುವ ಅಪ್ಸರೆಯ ಮುಖ. ಹಿಂಬದಿಯಲ್ಲಿ ತಲೆ ಬಗ್ಗಿಸಿ ಮೇಯುವ ಕುದುರೆ. ಕೆಲವದರಲ್ಲಿ ಅದು ಮುಂಗಾಲು ಮಡಚಿ, ಇನ್ನೇನು ನೆಲದಲ್ಲಿ ಹೊರಳಾಡಬೇಕು ಅನ್ನುವಂತಿರುತ್ತದೆ. ಕುದುರೆ ಸಾಕಿದವರಿಗೆ ಆ ಭಂಗಿ ಕಂಡ ಕೂಡಲೇ ಗೊತ್ತಾಗುತ್ತದೆ. ಥೆಸ್ಸಲಿ ಕುದುರೆಗಳಿಗೆ ಹೆಸರಾದ ನಾಡು. ಅಲೆಕ್ಸಾಂಡರನ ಕುದುರೆ ಬ್ಯುಸೆಫಾಲಸ್ ಕೂಡ ಅಲ್ಲಿಯದೇ.

ಇದು ಈಗಲೇ ಕೈಗೆಟುಕದಿದ್ದರೆ ಅಲೆಕ್ಸಾಂಡರನ ಅಪ್ಪ ಎರಡನೇ ಫಿಲಿಪ್‌ನ ಕಂಚಿನ ನಾಣ್ಯ ತಗೊಳ್ಳಿ. ಕೂದಲಿಗೆ ಪಟ್ಟಿ ಕಟ್ಟಿದ ಅಪೊಲೊ ತಲೆ, ಹಿಂದೆ ಕುದುರೆ ಮೇಲೊಬ್ಬ ಹುಡುಗ. ಬೇಕಾದಷ್ಟು ಸಿಗುತ್ತವೆ. ಅವನ ಬೆಳ್ಳಿ ನಾಣ್ಯದಲ್ಲಿ ತಾಳೆಗರಿ ಹಿಡಿದ ಸವಾರ ಇದ್ದಾನೆ. ಕ್ರಿ.ಪೂ. 356ರ ಒಲಿಂಪಿಕ್ಸ್‌ನಲ್ಲಿ ಫಿಲಿಪ್‌ನ ಕುದುರೆ ಗೆದ್ದಿತ್ತು, ಅದನ್ನು ಊರಿಗೆಲ್ಲ ಸಾರಿದ್ದು ಹೀಗೆ. ಪ್ರಾಚೀನ ಲೇಖಕ ಪ್ಲುಟಾರ್ಕ್ ಹೇಳುವ ಪ್ರಕಾರ ಇಲಿರಿಯನ್ನರ ಮೇಲಿನ ಗೆಲುವು, ಈ ಕುದುರೆಯ ಗೆಲುವು, ಮಗ ಅಲೆಕ್ಸಾಂಡರ್ ಹುಟ್ಟಿದ್ದು, ಈ ಮೂರೂ ಸುದ್ದಿ ಒಟ್ಟಿಗೇ ಅವನ ಕಿವಿಗೆ ಬಿದ್ದವಂತೆ.

ರೆಕ್ಕೆ ಇರುವ ಕುದುರೆಯೂ ಆಗಬಹುದಾದರೆ ಗ್ರೀಕ್ ನಗರ ಕೊರಿಂತ್‌ನ ಸ್ಟೇಟರ್ ಎಂಬ ಬೆಳ್ಳಿ ನಾಣ್ಯ ಇದೆ. ಒಂದು ಕಡೆ ಪೆಗಾಸಸ್, ಇನ್ನೊಂದು ಕಡೆ ಶಿರಸ್ತ್ರಾಣ ತೊಟ್ಟ ಅಥೀನಾ ದೇವಿ. ತೂಕ 8.6 ಗ್ರಾಂ ಹತ್ತಿರ. ಕುದುರೆಯ ಹೊಟ್ಟೆಯಡಿ ಕೊಪ್ಪ ಎಂಬ ಅಕ್ಷರ ಇದ್ದರೆ ಅದು ಕೊರಿಂತ್‌ದೇ. ಲ್ಯುಕಾಸ್, ಅಂಬ್ರಾಸಿಯದಂಥ ಊರುಗಳು ಇದೇ ಚಿತ್ರ ಇಟ್ಟುಕೊಂಡು ತಮ್ಮ ಅಕ್ಷರ ಹಾಕಿಕೊಂಡವು. ದಕ್ಷಿಣ ಇಟಲಿಯ ಟಾರಾಸ್‌ನ ನಾಣ್ಯದಲ್ಲಿ ಒಂದು ಬದಿ ಕುದುರೆ ಸವಾರ, ಇನ್ನೊಂದು ಬದಿ ಡಾಲ್ಫಿನ್ ಸವಾರ. ಇವು 7.9 ಗ್ರಾಂ ಆಸುಪಾಸಿನಲ್ಲಿದ್ದವು. ರೋಮನ್ನರ ಮೇಲೆ ಪಿರ್ರಸ್ ರಾಜ ಮಾಡಿದ ಯುದ್ಧದ ಹೊತ್ತಿಗೆ 6.5ಕ್ಕೆ ಇಳಿದವು. ಯುದ್ಧ ಬಂದರೆ ಬೆಳ್ಳಿ ಕರಗುತ್ತದೆ ಅಲ್ವಾ.

ಕೊಳ್ಳುವಾಗ ಒಂದು ಮಾತು ನೆನಪಿರಲಿ. ಅಂಗಡಿಯವರು ‘ತುಂಬಾ ಒಳ್ಳೆಯ ಸ್ಥಿತಿ’ ಅಂತ ಬರೆದಿದ್ದನ್ನು ಬಿಟ್ಟು ಕುದುರೆಯನ್ನು ನೋಡಿ. ಓಡುವ ಕುದುರೆ ಉದ್ದನೆಯ ಚಿತ್ರ, ಬಿಲ್ಲೆ ದುಂಡಗೆ. ಅಚ್ಚು ಒಂಚೂರು ಸರಿದರೂ ಮೂತಿಯೋ ಮುಂಗಾಲೋ ಹೊರಗೆ ಹೋಗುತ್ತದೆ. ಭುಜ, ತೊಡೆ ಉಬ್ಬಿರುವುದರಿಂದ ಅವೇ ಮೊದಲು ಸವೆಯುತ್ತವೆ. ನನ್ನ ಲೆಕ್ಕದಲ್ಲಿ ಬರಹ ಅರ್ಧ ಅಳಿಸಿದ್ದರೂ ಪರವಾಗಿಲ್ಲ, ತಲೆ ಮತ್ತು ನಾಲ್ಕು ಕಾಲು ಪೂರ್ತಿ ಇರಬೇಕು.

ಕೆಲ್ಟಿಕ್ ನಾಣ್ಯದವರು:
ನಾಲ್ಕು ಕಾಲು ಪೂರ್ತಿ ಇರಬೇಕು ಅನ್ನೋರು ನಮ್ಮ ಕಡೆ ಬರಬೇಡಿ! ಫಿಲಿಪ್‌ನ ರಥ, ಕುದುರೆಯ ನಾಣ್ಯಗಳನ್ನೇ ನೋಡಿ ಯುರೋಪಿನ ಹಳೆಯ ಬುಡಕಟ್ಟುಗಳಾದ ಕೆಲ್ಟರು ತಮ್ಮದನ್ನು ಹೊಡೆದರು. ನಕಲಿನ ಮೇಲೆ ನಕಲಾಗುತ್ತಾ ರಥ ಹೋಗಿ ಒಂದು ಚಕ್ರ ಉಳಿಯಿತು, ಕುದುರೆ ಬಿಡಿ ಬಿಡಿಯಾಗಿ ಗೆರೆ, ಚುಕ್ಕಿ, ಅರ್ಧಚಂದ್ರ ಆಯಿತು. ಕೊರಿಯೊಸೊಲೈಟ್ ಎಂಬ ಬುಡಕಟ್ಟಿನ ಕುದುರೆಗಂತೂ ಮನುಷ್ಯನ ತಲೆ. 2012ರಲ್ಲಿ ಜೆರ್ಸಿ ದ್ವೀಪದಲ್ಲಿ ಸುಮಾರು 70,000 ನಾಣ್ಯಗಳ ಒಂದೇ ರಾಶಿ ಸಿಕ್ಕಿತು, ಅದರಲ್ಲಿ ಹೆಚ್ಚಿನವು ಇವರದೇ. ಗ್ರೀಕ್ ಕುದುರೆ ನೋಡಿ ಸಾಕಾದ ಮೇಲೆ ಇದನ್ನು ನೋಡಿ, ಮಜಾ ಬರುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಲಾರಿಸ್ಸ ಕುದುರೆಯ ಚಿತ್ರ ನೋಡಿದೆ, ಮನಸ್ಸು ಅಲ್ಲೇ ನಿಂತಿದೆ. ರಥ ಎಳೆಯುವ ಕುದುರೆಗಳನ್ನೂ ಸೇರಿಸಿಕೊಳ್ಳಬಹುದಾ? ನಕಲಿ ಬಗ್ಗೆ ಯಾರೂ ಹೇಳಲಿಲ್ಲ.

ರೋಮನ್ ನಾಣ್ಯ ಕೂಡಿಸುವವರು:
ರಥ ಸೇರಿಸಿದರೆ ಸಂಗ್ರಹ ಕೈಮೀರುತ್ತದೆ. ರೋಮನ್ ಗಣರಾಜ್ಯದ ಕಾಲದ ಡಿನೇರಿಯಸ್‌ಗಳಲ್ಲಿ ಎರಡು ಕುದುರೆ, ನಾಲ್ಕು ಕುದುರೆಯ ರಥಗಳು ಲೆಕ್ಕವಿಲ್ಲದಷ್ಟಿವೆ. ಸೇರಿಸಲೇಬೇಕು ಅಂದರೆ ಮೂರು ಕುದುರೆಯದು ಒಂದು ಇಟ್ಟುಕೊಳ್ಳಿ. ಕ್ರಿ.ಪೂ. 79ರ ನೇವಿಯಸ್ ಬಾಲ್ಬಸ್‌ದು, ಅಂಚು ಗರಗಸದ ಹಾಗೆ ಕಚ್ಚು ಕಚ್ಚಾಗಿರುತ್ತದೆ. ಸಿರಾಕ್ಯೂಸ್‌ನ ದೊಡ್ಡ ಬೆಳ್ಳಿ ಡೆಕಾಡ್ರಾಕ್ಮಾ, ಅಚ್ಚು ಕೆತ್ತಿದ ಕಿಮೋನ್ ಮತ್ತು ಯುಐನೆಟೊಸ್ ತಮ್ಮ ಹೆಸರು ಹಾಕಿದ್ದು, 43 ಗ್ರಾಂ ತೂಗುವುದು, ಅದನ್ನು ಮ್ಯೂಸಿಯಂನಲ್ಲಿ ನೋಡಿ ಖುಷಿಪಡೋಣ ಬಿಡಿ.

ಗ್ರೀಕ್ ನಾಣ್ಯಗಳ ಕಡೆಯವರು:
ನಕಲಿ ವಿಷಯಕ್ಕೆ ಬರುತ್ತೇನೆ. ಮೊದಲು ತೂಕ. ಅದಕ್ಕೇ ಮೇಲೆ ಗ್ರಾಂ ಬರೆದದ್ದು. ಬೆಳ್ಳಿ ನಾಣ್ಯ ತೀರಾ ಹಗುರ ಇದ್ದರೆ ಒಳಗೆ ತಾಮ್ರ ಇರಬಹುದು. ಇಂಥವನ್ನು ಆ ಕಾಲದಲ್ಲೂ ಮಾಡುತ್ತಿದ್ದರು. ಎರಡನೆಯದು ಅಂಚು. ಅಚ್ಚಿನಿಂದ ಹೊಡೆಯದೆ ಎರಕ ಹೊಯ್ದ ನಕಲಿಯಾದರೆ ಸುತ್ತ ಕೂಡುಗೆರೆ ಅಥವಾ ಅದನ್ನು ಅರದಿಂದ ಉಜ್ಜಿದ ಗುರುತು ಇರುತ್ತದೆ, ಮೈಮೇಲೆ ಸಣ್ಣ ಗುಳ್ಳೆಗಳ ಗುಳಿ ಇರುತ್ತದೆ, ಜೂಲಿನ ಗೆರೆಗಳು ಕರಗಿದಂತೆ ಮೆತ್ತಗೆ ಕಾಣುತ್ತವೆ. ಮೂರನೆಯದು, ಒಂದೇ ಸವಕಲು, ಒಂದೇ ಗೀರು ಇರುವ ಎರಡು ನಾಣ್ಯ ಎಲ್ಲಾದರೂ ಕಂಡರೆ ಎರಡನ್ನೂ ನಂಬಬೇಡಿ. ಅಚ್ಚು ಒಂದೇ ಇರಬಹುದು, ಜೇಬಿನಲ್ಲಿ ಬಿದ್ದ ಗೀರು ಒಂದೇ ಇರಲಾರದು. ಇನ್ನೊಂದು, ಗ್ರೀಕ್ ರೋಮನ್ ಸವಾರರಿಗೆ ರಿಕಾಪು (ಜೀನಿನಿಂದ ತೂಗುವ, ಕಾಲಿಡುವ ಬಳೆ) ಇರಲಿಲ್ಲ. ಕಾಲಡಿ ರಿಕಾಪು ಕಂಡರೆ ಕಣ್ಣು ಮುಚ್ಚಿ ಪಕ್ಕಕ್ಕಿಡಿ.

ಇಷ್ಟೆಲ್ಲ ನೋಡಿದರೂ ಒಳ್ಳೆಯ ನಕಲಿ ಪಾರಾಗುತ್ತದೆ. ಜರ್ಮನಿಯಲ್ಲಿ ಕಾರ್ಲ್ ಬೆಕರ್ ಎಂಬ ಆಸಾಮಿ ಇದ್ದ (1772–1830). ಕೈಯಿಂದ ಅಚ್ಚು ಕೆತ್ತಿ ಹೊಡೆಯುತ್ತಿದ್ದ. ಹೊಸ ಹೊಳಪು ಹೋಗಲಿ ಅಂತ ನಾಣ್ಯಗಳನ್ನು ಕಬ್ಬಿಣದ ಪುಡಿ ತುಂಬಿದ ಡಬ್ಬಿಗೆ ಹಾಕಿ ತನ್ನ ಕುದುರೆ ಗಾಡಿಗೆ ಕಟ್ಟಿಕೊಂಡು ಸುತ್ತಾಡಿಸುತ್ತಿದ್ದನಂತೆ. ಅದಕ್ಕೇ ಹೇಳೋದು, ಮೊದಲು ಮಾರುವವರನ್ನು ಆರಿಸಿ, ಆಮೇಲೆ ನಾಣ್ಯ. ನಕಲಿ ಅಂತ ಗೊತ್ತಾದರೆ ಯಾವಾಗ ಬೇಕಾದರೂ ವಾಪಸ್ ತಗೊಳ್ಳುತ್ತೇನೆ ಎಂದು ಬರೆದು ಕೊಡುವವರ ಹತ್ತಿರ ಮಾತ್ರ ಕೊಳ್ಳಿ.

ಪೂರ್ವದ ನಾಣ್ಯಗಳವರು:
ಎಲ್ಲರೂ ಪಶ್ಚಿಮದಲ್ಲೇ ಇದ್ದೀರಿ! ಶಕರ ಅಜೆಸ್‌ನ ನಾಣ್ಯಗಳಲ್ಲಿ ರಾಜನೇ ಕುದುರೆ ಮೇಲಿದ್ದಾನೆ. ಒಂದು ಬದಿ ಗ್ರೀಕ್ ಬರಹ, ಇನ್ನೊಂದು ಬದಿ ಖರೋಷ್ಠಿ ಲಿಪಿ. ಕುಶಾನರ ‘ಸೋಟರ್ ಮೆಗಾಸ್’ (ಮಹಾ ರಕ್ಷಕ) ಎಂಬ ಬಿರುದಿನ ತಾಮ್ರದ ನಾಣ್ಯದಲ್ಲೂ ಸವಾರ ಇದ್ದಾನೆ, ಅದೂ ಧಾರಾಳವಾಗಿ ಸಿಗುತ್ತದೆ. ಗುಪ್ತರಲ್ಲಿ ಸಮುದ್ರಗುಪ್ತನ ಅಶ್ವಮೇಧದ ಚಿನ್ನದ ನಾಣ್ಯಕ್ಕೆ ಸಾಟಿಯಿಲ್ಲ. ಯೂಪಸ್ತಂಭದ ಮುಂದೆ ಯಜ್ಞದ ಕುದುರೆ, ಹಿಂಬದಿಯಲ್ಲಿ ಚಾಮರ ಹಿಡಿದ ರಾಣಿ. ರಾಜ ಎಲ್ಲೂ ಇಲ್ಲ, ಕುದುರೆಯೇ ಅವನ ಜಾಗದಲ್ಲಿದೆ. ನಕಲಿಗಳೂ ಇದಕ್ಕೆ ಜಾಸ್ತಿ, ಆದ್ದರಿಂದ ಶುರುವಿಗೆ ಸೋಟರ್ ಮೆಗಾಸ್ ಸಾಕು.

ರೋಮನ್ ನಾಣ್ಯ ಕೂಡಿಸುವವರು:
ಇಡುವ ಬಗ್ಗೆಯೂ ಹೇಳಿಬಿಡುತ್ತೇನೆ. ಪಿವಿಸಿ ಪ್ಲಾಸ್ಟಿಕ್ ಚೀಲ ಬೇಡ, ಅದು ದಿನ ಕಳೆದಂತೆ ನಾಣ್ಯಕ್ಕೆ ಹಸಿರು ಜಿಡ್ಡು ಮೆತ್ತುತ್ತದೆ. ಕಂಚಿನ ಮೇಲೆ ತಿಳಿಹಸಿರು ಪುಡಿ ಉದುರುತ್ತಿದ್ದರೆ ಅದು ಲೋಹವನ್ನು ತಿನ್ನುವ ರೋಗ. ಕೂಡಲೇ ಉಳಿದವುಗಳಿಂದ ಬೇರೆ ಇಡಿ, ತೇವ ತಾಗಿಸಬೇಡಿ, ತಿಳಿದವರಿಗೆ ತೋರಿಸಿ. ಸುಮ್ನೆ ಹೊಳಪು ಬರಲಿ ಅಂತ ಹುಣಸೆಹಣ್ಣು, ಪಾಲಿಶ್ ಹಾಕಿ ಉಜ್ಜಲೇಬೇಡಿ. ರಶೀದಿ, ಹಿಂದಿನ ಹರಾಜಿನ ಚೀಟಿ ಎಲ್ಲ ಜೋಪಾನ. ಹಳೇ ವಸ್ತುಗಳನ್ನು ಗಡಿ ದಾಟಿಸುವುದಕ್ಕೆ ಒಂದೊಂದು ದೇಶದ ಕಾನೂನು ಒಂದೊಂದು ಥರ. ನಾಣ್ಯ ಎಲ್ಲಿಂದ ಬಂತು ಅಂತ ಕೇಳಿದರೆ ತೋರಿಸಲು ಕಾಗದ ಇರಬೇಕು.