ಬಿ.ಆರ್ಕ್ (ವಾಸ್ತುಶಿಲ್ಪ ಪದವಿ) ಮಕ್ಕಳಿಗೆ ನಗರ ವಿನ್ಯಾಸ ಹೇಗೆ ಕಲಿಸಿದಿರಿ?

ಹೊಸ ಲೆಕ್ಚರರ್, ಮಂಡ್ಯ: ಈ ಸೆಮಿಸ್ಟರ್ ಮೈಸೂರಿನ ಕಾಲೇಜಿನಲ್ಲಿ ನಗರ ವಿನ್ಯಾಸ ಕಲಿಸಬೇಕು. ಮಕ್ಕಳು ಪಿಂಟರೆಸ್ಟ್ ಅನ್ನೋ ಚಿತ್ರಗಳ ವೆಬ್‌ಸೈಟ್ ನೋಡಿ ಎಲ್ಲರೂ ಒಂದೇ ಥರ ಪ್ಲಾಜಾ ಬರೆಯುತ್ತಾರೆ. ಸ್ವಂತ ಯೋಚನೆ ಹುಟ್ಟಿಸೋದು ಹೇಗೆ? ಅನುಭವ ಇದ್ದವರು ಹೇಳಿ.

ಶಿವರಾಂಪೇಟೆ ಮೇಡಂ: ದೇವರಾಜ ಮಾರುಕಟ್ಟೆ ಸುತ್ತಲಿನ ಮಾಡೆಲ್ ಮಾಡಿಸಿದ್ದೆ, 1:500 ಅಳತೆ. ಸನ್‌ಬೋರ್ಡ್, ಮೌಂಟ್‌ಬೋರ್ಡ್, ಫೆವಿಕಾಲ್, ಬ್ಲೇಡು ಸೇರಿ 6,800 ರೂಪಾಯಿ. ಕೆಳಗಿನ ಪ್ಲೈವುಡ್ಡಿಗೇ 1,900. ಜಿಎಸ್‌ಟಿ ಬಿಲ್ ಇಲ್ಲ ಅಂತ ಕಾಲೇಜು ಒಂದು ಪೈಸೆ ಕೊಡಲಿಲ್ಲ. ಜೂರಿ (ಡಿಸೈನ್ ನೋಡಿ ಮಾರ್ಕ್ಸ್ ಕೊಡೋದು) ಆದ ಮೇಲೆ ಸ್ಟೋರ್ ರೂಮಿಗೆ ಹಾಕಿದರು. ಸೂರು ಸೋರಿ ಬೋರ್ಡೆಲ್ಲ ಉಬ್ಬಿತು. ಆದರೂ ಮಾಡೆಲ್ ಮಾಡಿಸೋದು ಬಿಡಲ್ಲ. ಮಾಡೆಲ್‌ಗೆ ಮುಂಚೆ ಕಟ್ಟಡ ಕಪ್ಪು, ಜನ ಓಡಾಡೋ ಜಾಗ ಬಿಳಿ ಮಾಡಿ ನಕ್ಷೆ ಬರೆಸಿದೆ. ಮಾರುಕಟ್ಟೆ ಒಳಗಿನ ಓಣಿಗೆ ಏನು ಬಣ್ಣ ಅಂತ ಜಗಳವೇ ಆಯ್ತು. ಅದೂ ಬೀದಿನೇ ಅಂತ ಒಬ್ಬಳು ಹಟ ಹಿಡಿದು ಬಿಳಿ ಬಿಟ್ಟಳು. 1748ರ ರೋಮ್ ನಕ್ಷೆಯಲ್ಲಿ ಅದನ್ನು ಬರೆದ ನೊಲ್ಲಿ ಚರ್ಚಿನ ಒಳಗನ್ನೂ ಬಿಳಿ ಬಿಟ್ಟಿದ್ದು ಆಮೇಲೆ ತೋರಿಸಿದೆ.

ಮಂಡಿ ಮೊಹಲ್ಲಾ: 6,800 ದಂಡ. ನಾನು ಪೆನ್ಸಿಲ್ ಒಂದರಲ್ಲೇ ಕಲಿಸಿದ್ದು. ಕೆ.ಆರ್. ಸರ್ಕಲ್ ಸುತ್ತ ನೆನಪಿನಿಂದ ಬರೆಸಿದೆ. ನಗರ ಜನರ ಮನಸ್ಸಿನಲ್ಲಿ ಹೇಗೆ ಉಳಿಯುತ್ತೆ ಅಂತ ಬರೆದ ನಗರ ಯೋಜಕ ಕೆವಿನ್ ಲಿಂಚ್ ಹೇಳಿದ ಐದು ಅಂಶ ಸಾಕು: ದಾರಿ, ಅಂಚು, ವಲಯ, ಜನ ಕೂಡೋ ಜಾಗ, ಗುರುತು. ಎಲ್ಲರೂ ಅರಮನೆ, ದೊಡ್ಡ ಗಡಿಯಾರ ಬರೆದರು. ಹೂವಿನವರು ನೆರಳಿನ ಹಿಂದೆ ಬುಟ್ಟಿ ಸರಿಸಿಕೊಂಡು ಹೋಗೋದನ್ನ ಒಬ್ಬನೇ ಬರೆದ. ಅವನ ಇಡೀ ಡಿಸೈನ್ ಆ ನೆರಳಿನಿಂದ ಬಂತು. ಅಂದಹಾಗೆ ಮೇಡಂ, ಆ ಮಾರುಕಟ್ಟೆ ಕೆಡವಿ ಹೊಸದು ಕಟ್ಟಬೇಕು. 2016ರಲ್ಲಿ ಒಂದು ಭಾಗ ಕುಸಿಯಿತಲ್ವಾ?

ಶಿವರಾಂಪೇಟೆ ಮೇಡಂ: ಮಕ್ಕಳಿಗೂ ಇದನ್ನೇ ಹೇಳಿಕೊಡುತ್ತೀರಾ? ಸುಣ್ಣದ ಗಾರೆ ಕಟ್ಟಡಕ್ಕೆ ಗಾರೆಯಲ್ಲೇ ರಿಪೇರಿ ಆಗಬೇಕು. ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು ಗೋಡೆ ಹಾಳಾಗುತ್ತೆ.

ಕಲ್ಲಹಳ್ಳಿ, ಮಂಡ್ಯ: ಯಾವಾಗಲೂ ಮೈಸೂರೇ ಯಾಕೆ? ನಾವು ಮಂಡ್ಯದ ಹಳೇ ಹೆದ್ದಾರಿ ಕೊಟ್ಟೆವು. ಬೈಪಾಸ್ ಆದ ಮೇಲೆ ಹೋಟೆಲ್ ವ್ಯಾಪಾರ ಬಿದ್ದಿದೆ, ರಸ್ತೆ ಮಾತ್ರ ಅಷ್ಟೇ ಅಗಲ. ಆ ಅಗಲದಲ್ಲಿ ಏನು ಮಾಡಬಹುದು ಅಂತ ಕೇಳಿದೆವು. ಪಿಂಟರೆಸ್ಟ್‌ನಲ್ಲಿ ಉತ್ತರ ಇರಲಿಲ್ಲ. ಜೂರಿಗೆ ಬಂದವರು ಸೈಟ್ ಚೆನ್ನಾಗಿಲ್ಲ ಅಂತ ಮಾರ್ಕ್ಸ್ ಕತ್ತರಿಸಿದರು, ಆ ಸಿಟ್ಟು ಇನ್ನೂ ಇದೆ.

ಮಂಡಿ ಮೊಹಲ್ಲಾ: ಮೇಡಂ, 2012ರಲ್ಲಿ ಮೈಸೂರಿನದೇ ಹಳೇ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜನ ಸತ್ತರು. ಅವರ ಮನೆಯವರಿಗೆ ಹೇಳಿ ನಿಮ್ಮ ಗಾರೆ ಪಾಠ.

ಶಿವರಾಂಪೇಟೆ ಮೇಡಂ: ಸತ್ತವರನ್ನ ಮುಂದಿಟ್ಟು ಬಾಯಿ ಮುಚ್ಚಿಸಬೇಡಿ ಸರ್. ಹಳೇ ಕಟ್ಟಡ ಕಾಲಕಾಲಕ್ಕೆ ನೋಡಿಕೊಳ್ಳದಿದ್ದರೆ ಬೀಳುತ್ತೆ. ಕಾಂಕ್ರೀಟಿನದ್ದೂ ಬೀಳುತ್ತೆ.