ಓದುಗರ ಸ್ಪಂದನ: ಶಾರ್ಟ್‌ಸ್ಟಾಪ್‌ನಿಂದ ಸೆಕೆಂಡ್ ಬೇಸ್‌ಗೆ, ಇದು ಹಿಂಬಡ್ತಿಯೇ?

ಪ್ರಶ್ನೆ ಇದಾಗಿತ್ತು: ಅಮೆರಿಕದಲ್ಲಿರುವ ಕನ್ನಡಿಗ ತಂದೆಯೊಬ್ಬರ ಮಗನಿಗೆ 19 ವರ್ಷ. ಹೈಸ್ಕೂಲ್ ಮುಗಿಸಿ ನೇರವಾಗಿ ಬೇಸ್‌ಬಾಲ್ ಡ್ರಾಫ್ಟ್‌ನಲ್ಲಿ (ವೃತ್ತಿಪರ ತಂಡಗಳು ಹೊಸಬರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ಆಯ್ಕೆಯಾಗಿ, ಮೈನರ್ ಲೀಗ್‌ನ ಕೆಳಹಂತದ ಸಿಂಗಲ್-ಎ ತಂಡದಲ್ಲಿ ಶಾರ್ಟ್‌ಸ್ಟಾಪ್ (ಸೆಕೆಂಡ್ ಮತ್ತು ಥರ್ಡ್ ಬೇಸ್ ನಡುವಿನ ಫೀಲ್ಡರ್) ಆಗಿ ಆಡುತ್ತಿದ್ದಾನೆ. ಜುಲೈ ಹೊತ್ತಿಗೆ 24 ಎರರ್ (ಫೀಲ್ಡಿಂಗ್ ತಪ್ಪು), ಬ್ಯಾಟಿಂಗ್ ಸರಾಸರಿ ಬರೀ .218. ಮೂರು ವಾರದಿಂದ ಸೆಕೆಂಡ್ ಬೇಸ್‌ನಲ್ಲಿ (ಫಸ್ಟ್ ಮತ್ತು ಸೆಕೆಂಡ್ ಬೇಸ್ ನಡುವಿನ ಜಾಗ) ನಿಲ್ಲಿಸುತ್ತಿದ್ದಾರೆ. ಸಸ್ಯಾಹಾರಿ ಹುಡುಗ, ತೂಕವೂ ಇಳಿದಿದೆ. ಆಟ ಬಿಡಿಸಿ ಕಾಲೇಜಿಗೆ ಸೇರಿಸಲೇ?

*

ಸಾರ್, 24 ಅನ್ನುವುದನ್ನು ಒಟ್ಟು ಸಂಖ್ಯೆಯಾಗಿ ನೋಡಬೇಡಿ, ಬಿಡಿಸಿ ನೋಡಿ. ಪ್ರತಿ ಪಂದ್ಯದ ಪ್ಲೇ-ಬೈ-ಪ್ಲೇಯಲ್ಲಿ (ಆಟದ ಹಂತಹಂತದ ದಾಖಲೆ) ಎರರ್ ಹಿಡಿಯುವಾಗ ಆದದ್ದೋ ಎಸೆಯುವಾಗ ಆದದ್ದೋ ಎಂದು ಬರೆದಿರುತ್ತದೆ. ಒಂದು ಸಂಜೆ ಕೂತು ಎರಡು ಪಟ್ಟಿ ಮಾಡಿ. ಎಸೆತದ ತಪ್ಪೇ ಹೆಚ್ಚಿದ್ದರೆ ಅದು ತಿದ್ದಬಹುದಾದ ರೋಗ. ಈ ಹಂತದಲ್ಲಿ ಆ ಎಸೆತ ಹಿಡಿಯಲು ಫಸ್ಟ್ ಬೇಸ್‌ನಲ್ಲಿ ನಿಂತವನೂ ಕಲಿಯುತ್ತಿರುವ ಹುಡುಗನೇ. ಅನುಭವಿ ಆಟಗಾರ ನೆಲದಿಂದ ಎತ್ತಿಬಿಡುತ್ತಿದ್ದ ಚೆಂಡು ಇಲ್ಲಿ ನಿಮ್ಮ ಮಗನ ಲೆಕ್ಕಕ್ಕೆ ಬೀಳುತ್ತದೆ.

ಎಸೆತ ಕೆಡುವುದು ಹೆಚ್ಚಾಗಿ ಕಾಲಿನಲ್ಲಿ, ಕೈಯಲ್ಲಲ್ಲ. ಚೆಂಡು ಹಿಡಿದ ಮೇಲೆ ಬಲಗಾಲು ಎಡಗಾಲಿನ ಮುಂದೆ ಬಂದು, ಒಳಪಾದ ಫಸ್ಟ್ ಬೇಸ್‌ಗೆ ಎದುರಾಗಿ ಊರಬೇಕು. ಕಾಲು ನಿಂತುಹೋಗಿ ಬರೀ ತೋಳಿನಿಂದ ಎಸೆದರೆ ಚೆಂಡು ಮೇಲೆ ಹಾರುತ್ತದೆ, ಇಲ್ಲವೇ ಪಕ್ಕಕ್ಕೆ ಸರಿಯುತ್ತದೆ. ಇನ್ನೊಂದು ಕಾರಣ ಅವಸರ. ಬಲಗೈ ಬ್ಯಾಟರ್ ಫಸ್ಟ್ ಬೇಸ್ ಮುಟ್ಟಲು ಸುಮಾರು 4.3 ಸೆಕೆಂಡ್ ಬೇಕು, ಚುರುಕಾದ ಎಡಗೈಯವನು ನಾಲ್ಕರ ಆಸುಪಾಸಿನಲ್ಲಿ ಮುಟ್ಟುತ್ತಾನೆ. ಇಬ್ಬರಿಗೂ ಒಂದೇ ಗಡಿಬಿಡಿಯಲ್ಲಿ ಎಸೆಯುವವನಿಗೆ ಎರರ್ ತಪ್ಪಿದ್ದಲ್ಲ. ಬ್ಯಾಟರ್ ಯಾರು, ಎಷ್ಟು ಓಡುತ್ತಾನೆ ಎಂಬುದು ಚೆಂಡು ಬರುವ ಮೊದಲೇ ತಲೆಯಲ್ಲಿರಬೇಕು.

ಹಿಡಿಯುವ ತಪ್ಪೇ ಹೆಚ್ಚಿದ್ದರೆ ಹೋಂ ಪ್ಲೇಟ್ (ಬ್ಯಾಟರ್ ನಿಲ್ಲುವ ಜಾಗ) ಹಿಂದಿನ ಸೀಟಿನಿಂದ ಮೊಬೈಲಿನಲ್ಲಿ ಅವನನ್ನೇ ಚಿತ್ರೀಕರಿಸಿ. ಪಿಚರ್ ಎಸೆದ ಚೆಂಡು ಬ್ಯಾಟರ್ ಬಳಿ ತಲುಪುವ ಕ್ಷಣಕ್ಕೆ ಸರಿಯಾಗಿ ನಿಮ್ಮ ಮಗ ಚಿಕ್ಕದಾಗಿ ಜಿಗಿದು ನೆಲ ಮುಟ್ಟಬೇಕು. ಮೊದಲೇ ಮುಟ್ಟಿದರೆ ಭಾರ ಹಿಮ್ಮಡಿಗೆ ಇಳಿದು ಮೊದಲ ಹೆಜ್ಜೆ ತಡವಾಗುತ್ತದೆ. ಆಗ ಚೆಂಡಿನ ಪುಟಿತವನ್ನು ಅವನು ಆರಿಸಿಕೊಳ್ಳಲಾರ. ನೆಲಕ್ಕೆ ತಾಗಿದ ಕೂಡಲೇ ಹಿಡಿಯುವುದು ಸುಲಭ, ಪೂರ್ತಿ ಎದ್ದ ಮೇಲೆ ಹಿಡಿಯುವುದೂ ಸುಲಭ, ನಡುವಿನದೇ ಕೈಕೊಡುವುದು.

ಚಳಿಗಾಲದ ಅಭ್ಯಾಸ: ಮಂಡಿಯೂರಿ ಕೂತು, ಹತ್ತು ಅಡಿಯಿಂದ ಬರುವ ಗಿಡ್ಡ ಪುಟಿತಗಳು, ಎದುರು, ಎಡ, ಬ್ಯಾಕ್‌ಹ್ಯಾಂಡ್ ತಲಾ 20. ಆಮೇಲೆ ಎಸೆತದ ಸಮೇತ 30–40 ಗ್ರೌಂಡ್ ಬಾಲ್ (ನೆಲದ ಮೇಲೆ ಬರುವ ಚೆಂಡು), ಅಷ್ಟೇ. ನೂರು ಹೊಡೆಸಿದರೆ ಭುಜ ಹೋಗುತ್ತದೆ. ಖಾಸಗಿ ಕೋಚ್ ಇಟ್ಟರೆ ತಂಡದ ಇನ್‌ಫೀಲ್ಡ್ ಕೋಆರ್ಡಿನೇಟರ್‌ಗೆ (ಬೇಸ್‌ಗಳ ಬಳಿಯ ಫೀಲ್ಡರ್‌ಗಳನ್ನು ತರಬೇತಿ ಮಾಡುವವರು) ಮೊದಲೇ ಹೇಳಿ. ಇಬ್ಬರು ಎರಡು ಥರ ಹೇಳಿಕೊಟ್ಟರೆ ಹುಡುಗ ಮೂರನೇ ಥರ ಆಡುತ್ತಾನೆ.

ಮುಂದೆ ಯಾಂಕೀಸ್‌ನ ಹೆಸರಾಂತ ಶಾರ್ಟ್‌ಸ್ಟಾಪ್ ಆದ ಡೆರೆಕ್ ಜೀಟರ್ 1993ರಲ್ಲಿ ಮೈನರ್ ಲೀಗ್‌ನ ಗ್ರೀನ್ಸ್‌ಬರೋ ತಂಡದಲ್ಲಿ 56 ಎರರ್ ಮಾಡಿದ್ದರು, ಆಗ ಅವರಿಗೂ 19. ಆ ಋತು ಮುಗಿದ ಮೇಲೆ ಕೋಚ್ ಬ್ರಯಾನ್ ಬಟರ್‌ಫೀಲ್ಡ್ ಅವರ ಕೈಕೆಳಗೆ ಫೀಲ್ಡಿಂಗನ್ನೇ ತಿದ್ದಿಕೊಂಡರು. ಆದರೆ ಅದೇ ವರ್ಷ ಅವರ ಸರಾಸರಿ .295 ಇತ್ತು ಎಂಬುದನ್ನು ಸಮಾಧಾನ ಹೇಳುವವರು ಬಿಟ್ಟುಬಿಡುತ್ತಾರೆ.
— ಟ್ಯಾಂಪಾದ ಓದುಗರು

*

ಸೆಕೆಂಡ್ ಬೇಸ್ ಅಂದ್ರ ಹಿಂಬಡ್ತಿ ಅಂತ ತಿಳಕೋಬ್ಯಾಡ್ರಿ. ಎಲ್ಲಾದಕ್ಕಿಂತ ಮ್ಯಾಲಿನ ಮೇಜರ್ ಲೀಗ್ ತಂಡದಾಗ ಇರೋದು 26 ಮಂದಿ. ಒಂದೇ ಜಾಗಾದಾಗ ಆಡಾಂವಗ ಬೆಂಚಿನ ಮ್ಯಾಲೂ ಜಾಗಾ ಸಿಗೂದಿಲ್ಲ. ಹೆಸರಾಂತ ಆಟಗಾರ ಮೂಕಿ ಬೆಟ್ಸ್ ಮೊದಲಿಗೆ ಸೆಕೆಂಡ್ ಬೇಸ್‌ನ್ಯಾಂವಾನ. ಬಾಸ್ಟನ್‌ನ್ಯಾಗ ಆ ಜಾಗಾ ಪೆಡ್ರೋಯಾ ಹಿಡದು ಕುಂತಿದ್ರು ಅಂತ 2014ರಾಗ ಔಟ್‌ಫೀಲ್ಡಿಗೆ ಹಾಕಿದ್ರು, ಅದೇ ವರ್ಷ ಮೇಜರ್ ಲೀಗಿಗೆ ಹೋದ್ರು.

2023ರಿಂದ ಮೇಜರ್ ಲೀಗ್‌ನ್ಯಾಗ ನಿಯಮ ಬದಲಾಗ್ಯಾವ. ಸೆಕೆಂಡ್ ಬೇಸಿನ ಆ ಕಡೆ ಇಬ್ರು, ಈ ಕಡೆ ಇಬ್ರು, ಇನ್‌ಫೀಲ್ಡಿನ ನಾಲ್ಕೂ ಮಂದಿ ಹಿಂದಿನ ಔಟ್‌ಫೀಲ್ಡ್ ಹುಲ್ಲಿಗೆ ಕಾಲಿಡದಂಗ ನಿಲ್ಲಬೇಕು. ಮೊದಲಿನ್ಹಂಗ ಹುಲ್ಲಿನ್ಯಾಗ ಹಿಂದ ಸರದು ನಿಂತು ಚೆಂಡು ಹಿಡಿಯೋ ಆಟ ಮುಗೀತು. ಹಿಂಗಾಗಿ ಶಾರ್ಟ್‌ಸ್ಟಾಪ್‌ನ ಕಾಲು ಇರೋ ಸೆಕೆಂಡ್ ಬೇಸ್‌ಮನ್‌ಗ ಈಗ ಬೆಲಿ ಬಂದದ.

ಕಲಿಯೋದು ಮಾತ್ರ ಭಾಳ ಅದ. ಡಬಲ್ ಪ್ಲೇ (ಒಂದೇ ಹೊಡೆತಕ್ಕ ಇಬ್ರನ್ನ ಔಟ್ ಮಾಡೋದು) ಒಳಗ ಶಾರ್ಟ್‌ಸ್ಟಾಪ್‌ಗ ರನ್ನರ್ ಕಣ್ಣಿಗೆ ಬೀಳ್ತಾನ, ಇಲ್ಲಿ ಬೆನ್ನಿನ ಕಡಿಂದ ಬರ್ತಾನ. ಬ್ಯಾಗಿಗೆ (ಅಂದ್ರ ಬೇಸಿಗೆ) ಲಗೂನ ಬಂದು, ಎಡಗಾಲು ಬ್ಯಾಗ್ ಮ್ಯಾಲಿಟ್ಟು ಚೆಂಡು ಹಿಡದು, ಬಲಗಾಲು ಹಿಂದಕ್ಕ ಊರಿ ಎಸೀಬೇಕು. ತಡಾ ಮಾಡಿ ಬಂದ್ರ ಓಡ್ಕೋತನ ಹಿಡೀಬೇಕಾಗ್ತದ, ಆವಾಗ ಎಸೆತ ಕೆಡ್ತದ. ಗ್ಲವ್ 11.5 ಇಂಚಿಂದು ಇದ್ರ 11.25 ಇಂಚಿಂದು ಕೊಡಿಸ್ರಿ. ಆಳ ಕಡಿಮಿ ಇದ್ರ ಚೆಂಡು ಕೈಗೆ ಜಲ್ದಿ ಸಿಗ್ತದ.
— ಹುಬ್ಬಳ್ಳಿ ಮೂಲದವರು, ಫ್ರಿಸ್ಕೊ

*

.218 ಬಿಡಿ, ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಮತ್ತು ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಸಿಗುವ ಫಸ್ಟ್ ಬೇಸ್) ನೋಡಿ. 300 ಸಲ ಬ್ಯಾಟಿಗೆ ಬಂದು 65 ಸ್ಟ್ರೈಕ್‌ಔಟ್, 30 ವಾಕ್ ಆಗಿದ್ದರೆ ನಿದ್ದೆ ಮಾಡಬಹುದು. 95 ಸ್ಟ್ರೈಕ್‌ಔಟ್ ಆಗಿದ್ದರೆ ಚಿಂತೆಗೆ ಕಾರಣವಿದೆ, ಏಕೆಂದರೆ ಬ್ರೇಕಿಂಗ್ ಬಾಲ್ (ದಾರಿಯಲ್ಲಿ ತಿರುಗುವ ಎಸೆತ) ಅನ್ನು ಬೇಕಾದಲ್ಲಿ ಹಾಕುವ ಪಿಚರ್‌ಗಳು ಸಾಲುಸಾಲಾಗಿ ಸಿಗುವುದು ಇನ್ನೂ ಮೇಲಿನ ಡಬಲ್-ಎ ಹಂತದಲ್ಲಿ. ಮರದ ಬ್ಯಾಟಿಗೆ ಒಗ್ಗಲೂ ಸಮಯ ಬೇಕು. ಹಿಡಿಯ ಹತ್ತಿರ ತಗುಲಿದ ಚೆಂಡು ಅಲ್ಯುಮಿನಿಯಂ ಬ್ಯಾಟಿನಲ್ಲಿ ಫಸ್ಟ್ ಬೇಸ್ ಮುಟ್ಟಿಸುವ ಸಿಂಗಲ್, ಇಲ್ಲಿ ಬ್ಯಾಟೇ ಎರಡು ತುಂಡು. ಜೊತೆಗೆ ಮಂಗಳವಾರದಿಂದ ಭಾನುವಾರದವರೆಗೆ ಒಂದೇ ಎದುರಾಳಿ, ಆರು ಪಂದ್ಯ. ಮೊದಲ ಎರಡು ದಿನದಲ್ಲಿ ಅವನ ದೌರ್ಬಲ್ಯ ಸಿಕ್ಕರೆ ಉಳಿದ ನಾಲ್ಕು ದಿನ ಅದನ್ನೇ ಹಿಂಡುತ್ತಾರೆ.

ಭಾರತೀಯ ತಂದೆತಾಯಿಯ ಮಗ ಅರ್ಜುನ್ ನಿಮ್ಮಲ 2023ರ ಡ್ರಾಫ್ಟ್‌ನಲ್ಲಿ 20ನೆಯವರಾಗಿ ಟೊರಾಂಟೊ ಬ್ಲೂ ಜೇಸ್ ತಂಡ ಸೇರಿದ ಶಾರ್ಟ್‌ಸ್ಟಾಪ್. 2024ರಲ್ಲಿ ಅವರ ಸಿಂಗಲ್-ಎ ತಂಡವಾದ ಡನೀಡನ್‌ನಲ್ಲಿ ಆರಂಭವೇ ಕೆಟ್ಟಿತು. ತಂಡ ಪಂದ್ಯಗಳಿಂದ ಪಕ್ಕಕ್ಕೆ ಕರೆದು ಬ್ಯಾಟ್ ಬೀಸುವ ರೀತಿಯ ಮೇಲೆ ಕೆಲಸ ಮಾಡಿಸಿ ಮತ್ತೆ ಕಳಿಸಿತು. ಆಮೇಲೆ ಹೋಂ ರನ್ ಬಂದವು. ನಿಮ್ಮ ಮಗನನ್ನೂ ಹಾಗೆ ಪಕ್ಕಕ್ಕೆ ಕರೆದರೆ ಶಿಕ್ಷೆ ಅಂದುಕೊಳ್ಳಬೇಡಿ.
— ನ್ಯೂಜೆರ್ಸಿಯ ಓದುಗರು

*

ತೂಕದ ಬಗ್ಗೆ. 80 ಕಿಲೋ ಹುಡುಗನಿಗೆ ದಿನಕ್ಕೆ 130ರಿಂದ 160 ಗ್ರಾಂ ಪ್ರೋಟೀನ್ ಬೇಕು, ಅನ್ನ-ಸಾರು-ಪಲ್ಯದಲ್ಲಿ ಅದು ಹುಟ್ಟುವುದಿಲ್ಲ. 100 ಗ್ರಾಂ ಪನೀರಿನಲ್ಲಿ ಸುಮಾರು 18 ಗ್ರಾಂ, ಒಂದು ಲೋಟ ಹಾಲಿನಲ್ಲಿ 8. ಊಟದ ಜೊತೆ ಪ್ರೋಟೀನ್ ಪುಡಿ ಬೇಕೇ ಬೇಕಾಗುತ್ತದೆ. ಪುಡಿಯ ಡಬ್ಬಿಯ ಮೇಲೆ ‘ಎನ್‌ಎಸ್‌ಎಫ್ ಸರ್ಟಿಫೈಡ್ ಫಾರ್ ಸ್ಪೋರ್ಟ್’ ಗುರುತು (ನಿಷೇಧಿತ ಮದ್ದಿಗಾಗಿ ಪರೀಕ್ಷಿಸಿದ್ದು ಎಂದು ಅರ್ಥ) ಇರಲೇಬೇಕು. ಅಜ್ಜಿ ಕಳಿಸಿದ ಲೇಹ್ಯ, ಭಸ್ಮ ಯಾವುದೂ ಬೇಡ. ಮೈನರ್ ಲೀಗ್‌ನಲ್ಲೂ ನಿಷೇಧಿತ ಮದ್ದಿನ ಪರೀಕ್ಷೆ ಇದೆ, ಅಜ್ಜಿ ಕೊಟ್ಟದ್ದು ಅಂದರೆ ಯಾರೂ ಬಿಡುವುದಿಲ್ಲ.
— ಪೌಷ್ಟಿಕ ಆಹಾರ ತಜ್ಞೆ, ಮೈಸೂರು

*

ಕಾಲೇಜಿನ ಮಾತು. ವೃತ್ತಿಪರ ಒಪ್ಪಂದಕ್ಕೆ ಸಹಿ ಹಾಕಿದವನು ಕಾಲೇಜು ತಂಡದಲ್ಲಿ ಬೇಸ್‌ಬಾಲ್ ಆಡಲಾರ, ಓದಬಹುದು ಅಷ್ಟೇ. ಹಾಗಾಗಿ ಈಗಲೇ ಬಿಡಿಸಿದರೆ ಆಟದ ದೃಷ್ಟಿಯಿಂದ ಗಳಿಕೆ ಇಲ್ಲ. 18ಕ್ಕೆ ಸಹಿ ಹಾಕಿದ್ದರೆ ಐದು ಋತುಗಳವರೆಗೆ ರೂಲ್-5 ಡ್ರಾಫ್ಟ್‌ನಲ್ಲಿ (ಬೇರೆ ತಂಡಗಳ ಮೈನರ್ ಲೀಗ್ ಆಟಗಾರರನ್ನು ಆರಿಸಿಕೊಳ್ಳುವ ವ್ಯವಸ್ಥೆ) ಬೇರೆ ತಂಡ ಅವನನ್ನು ಎತ್ತಿಕೊಳ್ಳುವಂತಿಲ್ಲ, ತಂಡಕ್ಕೆ ಅವಸರವೂ ಇಲ್ಲ. ಸಂಬಳ ಕಮ್ಮಿಯೇ: ಲೀಗ್ ಮತ್ತು ಆಟಗಾರರ ಸಂಘದ 2023ರ ಒಪ್ಪಂದದಲ್ಲಿ ಸಿಂಗಲ್-ಎಗೆ ವರ್ಷಕ್ಕೆ ಕನಿಷ್ಠ 26,200 ಡಾಲರ್ ನಿಗದಿಯಾಯಿತು, ವಸತಿ ತಂಡದ್ದು.

ನಿಮ್ಮ ಮಗನ ಒಪ್ಪಂದದ ಕಾಗದ ತೆಗೆದು ಕಾಲೇಜು ವಿದ್ಯಾರ್ಥಿವೇತನದ ಕಲಂ ಇದೆಯೇ, ಎಷ್ಟು ಸೆಮಿಸ್ಟರ್, ಎಷ್ಟು ಮೊತ್ತ ನೋಡಿ. ಇದ್ದರೆ ಆಟ ನಿಂತ ಎರಡು ವರ್ಷದೊಳಗೆ ಓದು ಶುರು ಮಾಡಬೇಕು, ದಾಟಿದರೆ ಹಣ ಹೋಯಿತು.
— ಸ್ಯಾನ್ ಹೊಸೆಯ ಓದುಗರು